ತಂತಿ ಒತ್ತೋದು ಬಂತು, ಬಿಡೋದು?

ಪ್ರಶ್ನೆ: ನಮಸ್ಕಾರ ಸರ್. ಒಂದು ವರ್ಷದಿಂದ ಸ್ಟೀಲ್ ತಂತಿಯ ಅಕೌಸ್ಟಿಕ್ ಗಿಟಾರ್ ಕಲಿಯುತ್ತಿದ್ದೇನೆ. ದಿನಾ ಮುಕ್ಕಾಲು ಗಂಟೆ ಅಭ್ಯಾಸಕ್ಕೆ ಕೂರುತ್ತೇನೆ. ಹದಿನೈದು ನಿಮಿಷ ಆಗುವಷ್ಟರಲ್ಲಿ ಎಡಗೈ ಹೆಬ್ಬೆರಳಿನ ಬುಡ ನೋಯಲು ಶುರುವಾಗುತ್ತದೆ, ಮುಂಗೈ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಬೆರಳ ತುದಿಯಲ್ಲಿ ತಂತಿಯ ಗೆರೆ ಆಳವಾಗಿ ಮೂಡಿರುತ್ತದೆ. ಎಫ್ ಕಾರ್ಡ್ (ಹಲವು ತಂತಿ ಒಟ್ಟಿಗೆ ಹಿಡಿದು ನುಡಿಸುವ ಸ್ವರಗುಚ್ಛ) ಬಂತೆಂದರೆ ಹಲ್ಲು ಕಚ್ಚಿ ಒತ್ತಬೇಕು. ಕಲಿಸುವವರು ‘ಕೈ ಸಡಿಲ ಬಿಡಿ’ ಎನ್ನುತ್ತಾರೆ. ಬಿಟ್ಟರೆ ತಂತಿ ಗರಗರ ಎನ್ನುತ್ತದೆ. ನನ್ನ ಬೆರಳಿಗೆ ಶಕ್ತಿ ಸಾಲದೇ? ಬೆರಳು ಗಟ್ಟಿ ಮಾಡುವ ಸ್ಪ್ರಿಂಗ್ ಸಾಧನ ತಗೊಂಡು ದಿನಾ ಒತ್ತಿದರೆ ಸರಿಹೋಗುತ್ತದೆಯೇ?

ಉತ್ತರ: ಸ್ಪ್ರಿಂಗ್ ಸಾಧನ ತಗೋಬೇಡಿ. ತಗೊಂಡಾಗಿದ್ದರೆ ಡ್ರಾಯರಿನಲ್ಲೇ ಇರಲಿ. ಒತ್ತುವ ಶಕ್ತಿ ನಿಮ್ಮಲ್ಲಿ ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ. ಒಂದು ವರ್ಷ ಎಫ್ ಕಾರ್ಡನ್ನು ಹಲ್ಲು ಕಚ್ಚಿ ಹಿಡಿದ ಕೈ ಅದು. ಬಿಗಿಯಾದ ಬಾಟಲಿ ಮುಚ್ಚಳ ತಿರುಗಿಸಲು ಬೇಕಾದ ಬಲಕ್ಕೆ ಹೋಲಿಸಿದರೆ ಒಂದು ಸ್ವರ ತಿಳಿಯಾಗಿ ಬರಲು ಬೇಕಾದ ಬಲ ಏನೇನೂ ಅಲ್ಲ. ನಿಮ್ಮ ಕೈಗೆ ಗೊತ್ತಿಲ್ಲದ್ದು ಎರಡು: ಎಷ್ಟು ಒತ್ತಿದರೆ ಸಾಕು, ಯಾವಾಗ ಬಿಡಬೇಕು. ಎರಡನೆಯದೇ ದೊಡ್ಡದು.

ನಿಮಗೆ ಕಲಿಸುವವರು ಹೇಳುತ್ತಿರುವುದು ತಪ್ಪಲ್ಲ. ಆದರೆ ‘ಸಡಿಲ ಬಿಡಿ’ ಎನ್ನುವುದು ನಿದ್ದೆ ಬಾರದವನಿಗೆ ‘ನಿದ್ದೆ ಮಾಡು’ ಎಂದ ಹಾಗೆ. ಯಾವ ಬೆರಳನ್ನು ಬಿಡಬೇಕು, ಯಾವ ಕ್ಷಣದಲ್ಲಿ, ಎಷ್ಟು ಅಂತ ಯಾರೂ ಹೇಳದಿದ್ದರೆ ಇಡೀ ಕೈಯನ್ನು ಒಟ್ಟಿಗೇ ಬಿಟ್ಟುಬಿಡುತ್ತೇವೆ. ಆಗ ಗರಗರ. ಮತ್ತೆ ಇಡೀ ಕೈಯನ್ನು ಒಟ್ಟಿಗೇ ಬಿಗಿ ಹಿಡಿಯುತ್ತೇವೆ. ಆಗ ನೋವು. ನೀವು ಸಿಕ್ಕಿಕೊಂಡಿರುವುದು ಇಲ್ಲಿ.

ಮೊದಲು ಒಂದು ಪ್ರಯೋಗ. ಐದು ನಿಮಿಷ ಸಾಕು, ಆದರೆ ಓದಿ ಮುಂದೆ ಹೋಗಬೇಡಿ, ಗಿಟಾರ್ ತಗೊಂಡು ಮಾಡಿ.

ಮೂರನೇ ತಂತಿ (ತೆಳು ತಂತಿಯಿಂದ ಎಣಿಸಿ), ಆರನೇ ಫ್ರೆಟ್, ಅಂದರೆ ಆರನೇ ಲೋಹದ ಪಟ್ಟಿಯ ಮನೆ. ಮಧ್ಯದ ಬೆರಳನ್ನು ಫ್ರೆಟ್ಟಿನ ಲೋಹದ ಪಟ್ಟಿಗೆ ತಾಗಿಯೂ ತಾಗದಷ್ಟು ಹತ್ತಿರ, ನಟ್ (ತಲೆಭಾಗದ ಬಳಿ ತಂತಿಗಳು ಕೂರುವ ಪಟ್ಟಿ) ಕಡೆಗೆ ಬರುವ ಹಾಗೆ, ತಂತಿಯ ಮೇಲೆ ಸುಮ್ನೆ ಇಡಿ. ಒತ್ತಬೇಡಿ. ಬಲಗೈಯಿಂದ ಒಂದೇ ಸಮನೆ ಮೀಟುತ್ತಾ ಹೋಗಿ. ಮೊದಲು ‘ಟಕ್ ಟಕ್’ ಎಂಬ ಸತ್ತ ಸದ್ದು. ಈಗ ಒತ್ತಡವನ್ನು ಒಂಚೂರೇ ಏರಿಸಿ. ಟಕ್ ಹೋಗಿ ಗರ್ರ್ ಬರುತ್ತದೆ. ಇನ್ನೊಂಚೂರು. ಗರ್ರ್ ಹೋಗಿ ಸ್ವರ ತಿಳಿಯಾಗುತ್ತದೆ. ಅಲ್ಲೇ ನಿಲ್ಲಿ. ಅದಕ್ಕಿಂತ ಒಂದು ಗುಲಗಂಜಿಯಷ್ಟೂ ಜಾಸ್ತಿ ಬೇಡ. ಮೀಟುತ್ತಲೇ ಇರಿ, ಈಗ ಬಂದ ದಾರಿಯಲ್ಲೇ ವಾಪಸ್ ಹೋಗಿ: ತಿಳಿ ಸ್ವರ, ಗರ್ರ್, ಟಕ್.

ಮೊದಲ ಸಲ ಮಾಡಿದವರೆಲ್ಲ ‘ಇಷ್ಟೇನಾ?’ ಅನ್ನುತ್ತಾರೆ. ಇಷ್ಟೇ. ಈಗ ಹೋಲಿಕೆಗೆ ಎಂದಿನಂತೆ ಒತ್ತಿ ನುಡಿಸಿ. ಎರಡರ ನಡುವಿನ ವ್ಯತ್ಯಾಸ ಇದೆಯಲ್ಲ, ಅದಷ್ಟೂ ನೀವು ಒಂದು ವರ್ಷದಿಂದ ಸುಮ್ಮನೆ ಕಟ್ಟುತ್ತಿರುವ ಬಡ್ಡಿ.

ಇದೇ ಪ್ರಯೋಗವನ್ನು ಬೆರಳನ್ನು ಎರಡು ಫ್ರೆಟ್ಟುಗಳ ನಟ್ಟನಡುವೆ ಇಟ್ಟು ಮಾಡಿ. ಆಮೇಲೆ ಇನ್ನೂ ಹಿಂದೆ ಇಟ್ಟು ಮಾಡಿ. ಬೆರಳು ಪಟ್ಟಿಯಿಂದ ದೂರ ಹೋದಷ್ಟೂ ತಿಳಿ ಸ್ವರಕ್ಕೆ ಕೊಡಬೇಕಾದ ಒತ್ತಡ ಏರುತ್ತಾ ಹೋಗುತ್ತದೆ. ನಿಮ್ಮ ಗರಗರದಲ್ಲಿ ಮುಕ್ಕಾಲು ಪಾಲು ಬೆರಳು ಬಿದ್ದ ಜಾಗದ್ದು ಇರಬಹುದು. ಜಾಗ ತಪ್ಪಿದಾಗ ಕಿವಿ ‘ಗರಗರ’ ಅಂತ ಹೇಳುತ್ತದೆ, ಕೈ ಅದನ್ನು ‘ಇನ್ನೂ ಒತ್ತು’ ಅಂತ ಕೇಳಿಸಿಕೊಳ್ಳುತ್ತದೆ. ಬೆರಳನ್ನು ನಾಲ್ಕು ಮಿಲಿಮೀಟರ್ ಮುಂದೆ ಸರಿಸಿದ್ದರೆ ಸಾಕಿತ್ತು.

ತಂತಿ ಲೋಹದ ಪಟ್ಟಿಗೆ ಗಟ್ಟಿಯಾಗಿ ತಾಗಿದರೆ ಕೆಲಸ ಮುಗಿಯಿತು. ಕೆಳಗಿನ ಮರದವರೆಗೆ ಅದನ್ನು ಇಳಿಸಬೇಕಾಗಿಲ್ಲ. ಇಳಿಸಿದರೆ ತಂತಿ ಇನ್ನಷ್ಟು ಎಳೆದುಕೊಂಡು ಸ್ವರ ಮೇಲೇರುತ್ತದೆ. ಟ್ಯೂನರ್ ಹಚ್ಚಿ ನೋಡಿ, ಮುಳ್ಳು ಸರಿಯುವುದು ಕಣ್ಣಿಗೇ ಕಾಣುತ್ತದೆ. ನಾನು ಕಲಿಯುವ ದಿನಗಳಲ್ಲಿ ನನ್ನ ಗಿಟಾರ್ ಟ್ಯೂನ್ ನಿಲ್ಲುವುದಿಲ್ಲ ಅಂತ ಎರಡು ಸಲ ತಂತಿ ಬದಲಾಯಿಸಿದ್ದೆ. ಬಿಡಿ ತಂತಿ ಮೀಟಿದರೆ ಸರಿಯಾಗಿರುತ್ತಿತ್ತು, ಕಾರ್ಡ್ ಹಿಡಿದರೆ ಹುಳಿ ಹುಳಿ. ತಂತಿಯಲ್ಲಿ ಏನೂ ಇರಲಿಲ್ಲ. ಮೂರನೇ ತಂತಿಯನ್ನು ನಾನು ಮರಕ್ಕೆ ಮೊಳೆ ಹೊಡೆದ ಹಾಗೆ ಒತ್ತುತ್ತಿದ್ದೆ.

ಈಗ ಬಿಡುವ ವಿಷಯ.

ತೋರುಬೆರಳಿನಿಂದ ಕಿರುಬೆರಳಿನವರೆಗೆ ಐದು, ಆರು, ಏಳು, ಎಂಟನೇ ಫ್ರೆಟ್ಟಿನಲ್ಲಿ ಒಂದೇ ತಂತಿಯ ಮೇಲೆ ನಾಲ್ಕು ಸ್ವರ ನುಡಿಸುವ ಅಭ್ಯಾಸ ನೀವೂ ಮಾಡಿರುತ್ತೀರಿ. ಎಲ್ಲರೂ ಮಾಡುತ್ತಾರೆ. ಇದನ್ನು ತುಂಬ ನಿಧಾನ ಮಾಡಿ, ಕಿರುಬೆರಳು ಎಂಟನೇ ಫ್ರೆಟ್ ಒತ್ತಿದಾಗ ಹಾಗೇ ನಿಲ್ಲಿ. ಹಿಂದಿನ ಮೂರು ಬೆರಳುಗಳನ್ನು ಗಮನಿಸಿ. ಏನು ಮಾಡುತ್ತಿವೆ? ಒತ್ತುತ್ತಲೇ ಇವೆ ಅಲ್ವಾ? ಕೇಳುತ್ತಿರುವುದು ಎಂಟನೇ ಫ್ರೆಟ್ಟಿನ ಸ್ವರ ಮಾತ್ರ. ಉಳಿದ ಮೂರರ ಕೆಲಸ ಯಾರ ಕಿವಿಗೂ ಬೀಳುವುದಿಲ್ಲ. ಒಬ್ಬ ಮಾಡುವ ಕೆಲಸಕ್ಕೆ ನಾಲ್ವರು ಬೆವರುತ್ತಿದ್ದಾರೆ.

ಹಾಗಂತ ಮೂರು ಬೆರಳನ್ನೂ ಮೇಲಕ್ಕೆ ಎಗರಿಸಬೇಡಿ. ಬೆರಳು ಎಗರಿ ಗಾಳಿಯಲ್ಲಿ ನಿಂತರೆ ಅದೂ ಬಿಗಿತವೇ. ಬೆರಳು ಮಡಚುವ ಸ್ನಾಯುಗಳು ಮುಂಗೈಯ ಒಳಮಗ್ಗುಲಲ್ಲಿವೆ, ಬಿಡಿಸುವ ಸ್ನಾಯುಗಳು ಹೊರಮಗ್ಗುಲಲ್ಲಿವೆ. ಒಂದು ಬೆರಳು ಒತ್ತುತ್ತಿರುವಾಗ ಪಕ್ಕದ್ದು ನೆಟ್ಟಗೆ ನಿಂತಿದ್ದರೆ ಎರಡೂ ಕಡೆಯವು ಏಕಕಾಲಕ್ಕೆ ಎಳೆಯುತ್ತಿವೆ ಅಂತ ಅರ್ಥ. ಹಗ್ಗಜಗ್ಗಾಟ. ನಿಮ್ಮ ಮುಂಗೈ ಕಲ್ಲಾಗುವುದಕ್ಕೆ ಇದು ದೊಡ್ಡ ಕಾರಣ ಅಂತ ನನ್ನ ಊಹೆ. ಕನ್ನಡಿ ಮುಂದೆ ಕೂತು ನಿಮ್ಮ ಕಿರುಬೆರಳನ್ನು ನೋಡಿ. ಸಿ ಕಾರ್ಡ್ ಹಿಡಿದಾಗ ಅದು ಎಲ್ಲಿರುತ್ತದೆ? ಕೊಡೆಯ ಕಡ್ಡಿಯ ಹಾಗೆ ಸೆಟೆದು ನಿಂತಿದ್ದರೆ ಸಿಕ್ಕಿಬಿತ್ತು.

ಹಾಗಾದರೆ ಬಿಡುವುದು ಎಂದರೆ? ಬೆರಳು ತಂತಿಯ ಮೇಲೇ ಇರುತ್ತದೆ, ಭಾರ ಇರುವುದಿಲ್ಲ. ಒತ್ತುವುದನ್ನು ನಿಲ್ಲಿಸಿದರೆ ತಂತಿಯೇ ಬೆರಳನ್ನು ಮೇಲಕ್ಕೆ ತಳ್ಳುತ್ತದೆ. ಎತ್ತುವ ಕೆಲಸ ನಿಮ್ಮದಲ್ಲ, ತಂತಿಯದು. ಈ ಒಂದು ವಿಷಯ ಕೈಗೆ ಹೊಳೆದ ದಿನ ಅರ್ಧ ನೋವು ಹೋಗುತ್ತದೆ. ನನಗಂತೂ ಇದು ಹೊಳೆಯಲು ವರ್ಷಗಳೇ ಬೇಕಾದವು, ಯಾಕೆಂದರೆ ನಾನು ಅಭ್ಯಾಸ ಮಾಡುತ್ತಿದ್ದದ್ದೆಲ್ಲ ಒತ್ತುವುದನ್ನೇ.

ಅಭ್ಯಾಸ ಹೀಗೆ. ತಾಳದ ಪೆಟ್ಟು ಕೊಡುವ ಮೆಟ್ರೋನೋಮನ್ನು ನಿಮಿಷಕ್ಕೆ 50 ಪೆಟ್ಟಿಗೆ ಇಡಿ. ಯಾವುದಾದರೂ ಸ್ವರ. ಒಂದನೇ ಪೆಟ್ಟಿಗೆ ಒತ್ತಿ ಮೀಟಿ. ಎರಡನೇ ಪೆಟ್ಟಿಗೆ ಬಿಡಿ, ಸ್ವರ ಪಟ್ಟನೆ ನಿಲ್ಲಬೇಕು, ಬೆರಳು ತಂತಿಯ ಮೇಲೇ ಇರಬೇಕು. ಮೂರು, ನಾಲ್ಕು ಖಾಲಿ. ಈ ಖಾಲಿ ಪೆಟ್ಟುಗಳೇ ಅಭ್ಯಾಸದ ಜೀವ. ಆ ಹೊತ್ತಿನಲ್ಲಿ ಹೆಬ್ಬೆರಳು ಬಿಟ್ಟಿತಾ, ಅಂಗೈ ಮೆತ್ತಗಾಯಿತಾ, ಹೆಗಲು ಇಳಿಯಿತಾ ನೋಡಿಕೊಳ್ಳಿ. ಎಲ್ಲ ಬಿಟ್ಟಿದೆ ಅಂತ ಖಾತ್ರಿಯಾದ ಮೇಲೆ ಮುಂದಿನ ಬೆರಳು. ಒಂದು ವಾರ ಒಂಟಿ ಸ್ವರ ಸಾಕು. ಆಮೇಲೆ ಇದನ್ನೇ ಕಾರ್ಡುಗಳಿಗೆ ತನ್ನಿ: ಜಿ ಹಿಡಿದು ಒಂದು ಸ್ಟ್ರಮ್, ಬಿಡಿ, ಎರಡು ಪೆಟ್ಟು ಖಾಲಿ, ಸಿ ಹಿಡಿದು ಒಂದು ಸ್ಟ್ರಮ್, ಬಿಡಿ. ಕೇಳಲು ಬೋರು. ಮನೆಯವರು ‘ಇವತ್ತು ಹಾಡು ಇಲ್ವಾ?’ ಅಂತ ಕೇಳಬಹುದು. ಕೇಳಲಿ.

ಹಾಡಿನೊಳಗೂ ಬಿಡುವ ಜಾಗಗಳು ಬೇಕಾದಷ್ಟಿವೆ. ಬಿಡಿ ತಂತಿಯ ಸ್ವರ ಬಂದಾಗ ಇಡೀ ಎಡಗೈಗೆ ರಜೆ. ಕಾರ್ಡ್ ಬದಲಾಗುವ ಮುಂಚಿನ ಅರ್ಧ ಪೆಟ್ಟಿನಲ್ಲಿ ರಜೆ. ಕೈಯನ್ನು ಮೇಲಿನಿಂದ ಕೆಳಗೆ ಜಾರಿಸುವಾಗ ರಜೆ. ಬೇಕಿದ್ದರೆ ಹಾಡಿನ ಕಾಗದದ ಮೇಲೆ ಪೆನ್ಸಿಲಿನಲ್ಲಿ ಅಲ್ಲಲ್ಲಿ ಸಣ್ಣ ಸೊನ್ನೆ ಬರೆದುಕೊಳ್ಳಿ, ಸೊನ್ನೆ ಬಂದಲ್ಲಿ ಕೈ ಬಿಡಬೇಕು ಅಂತ. ತುಂಬ ಹೊತ್ತು ಆಯಾಸವಿಲ್ಲದೆ ನುಡಿಸುವವರನ್ನು ನೋಡಿ. ಅವರ ಕೈಗೂ ನಮ್ಮಷ್ಟೇ ಬಲ. ನಡುನಡುವೆ ಸಿಗುವ ಈ ಚಿಲ್ಲರೆ ವಿಶ್ರಾಂತಿಯನ್ನು ಅವರು ಒಂದನ್ನೂ ಬಿಡುವುದಿಲ್ಲ, ಅಷ್ಟೇ.

ಹೆಬ್ಬೆರಳಿಗೆ ಬರೋಣ, ನೋಯುತ್ತಿರುವುದು ಅದೇ ತಾನೆ. ಬೆರಳುಗಳು ಮುಂದಿನಿಂದ ಎಷ್ಟು ಒತ್ತುತ್ತವೋ ಹೆಬ್ಬೆರಳು ಹಿಂದಿನಿಂದ ಅಷ್ಟೇ ತಡೆಯುತ್ತದೆ. ನಾಲ್ಕರ ಎದುರು ಒಂದು. ಅದರ ಬುಡದ ಉಬ್ಬಿನಲ್ಲಿರುವ ಸಣ್ಣ ಸ್ನಾಯುಗಳಿಗೆ ಇದು ಇಡೀ ದಿನದ ಕೂಲಿ. ಅದಕ್ಕೇ ಮೊದಲು ನೋಯುವುದು ಅಲ್ಲಿ.

ಈಗ ಹೆಬ್ಬೆರಳನ್ನು ಗಿಟಾರಿನ ನೀಳ ಕುತ್ತಿಗೆಯಿಂದ, ಅಂದರೆ ನೆಕ್‌ನಿಂದ ಪೂರ್ತಿ ತೆಗೆದು ಇ ಮೈನರ್ ಹಿಡಿಯಿರಿ. ಆಗುವುದಿಲ್ಲ ಅನ್ನಿಸುತ್ತದೆ. ಆಗುತ್ತದೆ. ಬಲಗೈಯ ಮುಂಗೈ ಗಿಟಾರಿನ ಒಡಲ ಮೇಲೆ ಕೂತಿದೆಯಲ್ಲ, ಅದರಿಂದ ಒಡಲನ್ನು ಮೆಲ್ಲಗೆ ನಿಮ್ಮ ಎದೆಗೆ ಒರಗಿಸಿಕೊಳ್ಳಿ. ಗಿಟಾರ್ ಎರಡೂ ಕಡೆಯಿಂದ ಆಧಾರ ಪಡೆದು ಅಲುಗಾಡದೆ ನಿಲ್ಲುತ್ತದೆ. ಈಗ ಎಡತೋಳನ್ನು ಮೊಣಕೈಯಿಂದ ಹಿಂದಕ್ಕೆ ತೂಗಬಿಟ್ಟ ಹಾಗೆ ಬಿಡಿ, ಬೆರಳುಗಳು ಕೊಕ್ಕೆಯ ಹಾಗೆ ತಂತಿಗೆ ಸಿಕ್ಕಿಕೊಂಡಿರಲಿ. ತೋಳಿನ ಭಾರವೇ ತಂತಿಯನ್ನು ಫ್ರೆಟ್ಟಿಗೆ ತಾಗಿಸುತ್ತದೆ. ಹಿಂಡುವ ಕೆಲಸ ಇಲ್ಲ, ತೂಗುವ ಕೆಲಸ. ಹೆಗಲು, ಬೆನ್ನು, ತೋಳಿನ ದೊಡ್ಡ ಸ್ನಾಯುಗಳಿಗೆ ಇದು ಲೆಕ್ಕಕ್ಕೇ ಇಲ್ಲ. ದಿನಾ ಎರಡು ನಿಮಿಷ ಹೀಗೆ ಹೆಬ್ಬೆರಳಿಲ್ಲದೆ ನುಡಿಸಿ. ಆಮೇಲೆ ಹೆಬ್ಬೆರಳನ್ನು ವಾಪಸ್ ತನ್ನಿ, ಆದರೆ ಮೊಟ್ಟೆಯ ಮೇಲೆ ಇಟ್ಟ ಹಾಗೆ. ಅದರ ಕೆಲಸ ಕೈಗೆ ಜಾಗ ತೋರಿಸುವುದು.

ಹೆಬ್ಬೆರಳು ನೆಕ್‌ನ ಹಿಂದೆ ನಡುಮಧ್ಯವೇ ಇರಬೇಕು ಅಂತ ಕೆಲವರು ಕಟ್ಟುನಿಟ್ಟಾಗಿ ಹೇಳುತ್ತಾರೆ. ನಾನು ಅಷ್ಟು ತಲೆಕೆಡಿಸಿಕೊಳ್ಳುವುದಿಲ್ಲ. ಬೆರಳು ದೂರ ಚಾಚುವಾಗ ಮಧ್ಯಕ್ಕೆ ಇಳಿಯಲಿ, ತಂತಿಯನ್ನು ಪಕ್ಕಕ್ಕೆ ಎಳೆದು ಬೆಂಡ್ ಮಾಡುವಾಗ ಮೇಲಿನಿಂದ ಇಣುಕಲಿ. ಅದು ಓಡಾಡಿಕೊಂಡಿರಬೇಕು. ಒಂದೇ ಕಡೆ ಅಂಟಿಕೊಂಡಿದ್ದರೆ ಅಲ್ಲಿಂದ ಬಿಗಿತ ಶುರು.

ಮಣಿಕಟ್ಟಿನ ಬಗ್ಗೆ ಒಂದು ಸಣ್ಣ ಪರೀಕ್ಷೆ. ಎಡಗೈ ಮಣಿಕಟ್ಟನ್ನು ಒಳಕ್ಕೆ ಪೂರ್ತಿ ಬಗ್ಗಿಸಿ, ಹಾಗೇ ಮುಷ್ಟಿ ಬಿಗಿ ಹಿಡಿಯಲು ನೋಡಿ. ಹಿಡಿತ ಬರುವುದೇ ಇಲ್ಲ. ಈಗ ಮಣಿಕಟ್ಟು ನೇರ ಮಾಡಿ ಹಿಡಿಯಿರಿ. ಬೆರಳುಗಳನ್ನು ಮಡಚುವ ಮುಖ್ಯ ಸ್ನಾಯುಗಳು ಬೆರಳಿನಲ್ಲಿಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಹಗ್ಗದ ಹಾಗೆ ಒಂಬತ್ತು ಸ್ನಾಯುರಜ್ಜುಗಳು, ಜೊತೆಗೆ ಒಂದು ನರ, ಮಣಿಕಟ್ಟಿನ ಇಕ್ಕಟ್ಟಾದ ಸುರಂಗ ದಾಟಿ ಬರುತ್ತವೆ. ಮಣಿಕಟ್ಟು ಜಾಸ್ತಿ ಬಗ್ಗಿದರೆ ಬಲವೂ ಕಡಿಮೆ, ಸುರಂಗದೊಳಗೆ ಒತ್ತಡವೂ ಜಾಸ್ತಿ. ಗಿಟಾರ್ ತೊಡೆಯ ಮೇಲೆ ಮಲಗಿಕೊಂಡು ತಲೆಭಾಗ ಕೆಳಗೆ ಜೋತಿದ್ದರೆ ಮಣಿಕಟ್ಟು ಬಗ್ಗದೆ ಬೇರೆ ದಾರಿಯೇ ಇಲ್ಲ. ತಲೆಭಾಗವನ್ನು ಹೆಗಲ ಮಟ್ಟಕ್ಕೆ ಏರಿಸಿ. ಕಾಲಿನ ಕೆಳಗೆ ಒಂದು ಮಣೆ ಇಟ್ಟುಕೊಳ್ಳಿ, ಅಥವಾ ಕೂತಾಗಲೂ ಸ್ಟ್ರಾಪ್ ಹಾಕಿಕೊಳ್ಳಿ. ನನ್ನ ಮಟ್ಟಿಗೆ ಸ್ಟ್ರಾಪೇ ವಾಸಿ. ಇನ್ನು, ಫ್ರೆಟ್ ನೋಡಲು ಗಿಟಾರಿನ ಮುಖವನ್ನು ಮೇಲಕ್ಕೆ ತಿರುಗಿಸಿಕೊಳ್ಳುವ ಚಟ ಇದ್ದರೆ ಬಿಟ್ಟುಬಿಡಿ. ಮಣಿಕಟ್ಟು ತಿರುಚುವುದು ಅದರಿಂದಲೇ.

ಎಫ್ ಕಾರ್ಡ್. ಇದು ಕಲಿಯುವವರ ಕಣ್ಣೀರು ನೋಡಿದಷ್ಟು ಇನ್ಯಾವ ಕಾರ್ಡೂ ನೋಡಿಲ್ಲ. ತೋರುಬೆರಳು ಆರೂ ತಂತಿಗಳನ್ನು ಸರಳಿನ ಹಾಗೆ ಒತ್ತಬೇಕು ಅಂತ ನೀವು ಅಂದುಕೊಂಡಿರುತ್ತೀರಿ. ಲೆಕ್ಕ ಹಾಕೋಣ. ಐದನೇ ತಂತಿ ಉಂಗುರದ ಬೆರಳಿನದು, ನಾಲ್ಕನೆಯದು ಕಿರುಬೆರಳಿನದು, ಮೂರನೆಯದು ಮಧ್ಯದ ಬೆರಳಿನದು. ತೋರುಬೆರಳಿಗೆ ಉಳಿದದ್ದು ಆರು, ಎರಡು, ಒಂದು. ಮೂರೇ ತಂತಿ. ನಡುವಿನ ಮೂರರ ಮೇಲೆ ಅದು ಸುಮ್ನೆ ಮಲಗಿದ್ದರೆ ಸಾಕು. ತೋರುಬೆರಳಿನ ನಡುಭಾಗ ಒಳಕ್ಕೆ ಸ್ವಲ್ಪ ಬಾಗಿದ್ದರೂ ಏನೂ ಕೆಡುವುದಿಲ್ಲ. ಅದನ್ನು ನೆಟ್ಟಗೆ ಸೆಟೆಸಲು ನೀವು ಪಡುತ್ತಿರುವ ಪಾಡು ವ್ಯರ್ಥ.

ತೋರುಬೆರಳಿನ ಒಳಮೈ ಮೆತ್ತಗಿರುತ್ತದೆ. ಗೆಣ್ಣಿನ ಸಂದಿಗೆ ಸರಿಯಾಗಿ ತಂತಿ ಕೂತರೆ ಎಷ್ಟು ಒತ್ತಿದರೂ ಗರ್ರ್ ಹೋಗುವುದಿಲ್ಲ. ಬೆರಳನ್ನು ನಟ್ ಕಡೆಗೆ, ಅಂದರೆ ಹೆಬ್ಬೆರಳಿನ ಬದಿಗೆ ಒಂಚೂರು ಹೊರಳಿಸಿ. ಅಲ್ಲಿ ಮೂಳೆ ಗಟ್ಟಿಯಾಗಿ ಸಿಗುತ್ತದೆ. ಸಂದಿಗೆ ತಂತಿ ಬೀಳುತ್ತಿದ್ದರೆ ಇಡೀ ಬೆರಳನ್ನು ಎರಡು ಮಿಲಿಮೀಟರ್ ಮೇಲಕ್ಕೋ ಕೆಳಕ್ಕೋ ಸರಿಸಿ. ಒಂದೊಂದೇ ತಂತಿ ಮೀಟಿ, ಯಾವುದು ಸತ್ತಿದೆಯೋ ಅದಕ್ಕೆ ಮಾತ್ರ ಮದ್ದು ಮಾಡಿ. ಒಂದು ತಂತಿ ಸತ್ತರೆ ಆರಕ್ಕೂ ಒತ್ತಡ ಏರಿಸುವುದೇ ಎಲ್ಲರ ತಪ್ಪು.

ಮೊದಲನೇ ಫ್ರೆಟ್ಟಿನಲ್ಲಿ ಶುರು ಮಾಡಲೂ ಬೇಡಿ. ನಟ್ ಪಕ್ಕದಲ್ಲಿ ತಂತಿ ಬಗ್ಗುವುದು ಕಷ್ಟ, ತೋಳೂ ದೂರ ಚಾಚಿರುತ್ತದೆ. ಇದೇ ಆಕಾರವನ್ನು ಐದನೇ ಫ್ರೆಟ್ಟಿನಲ್ಲಿ ಹಿಡಿಯಿರಿ. ಅದು ಎ ಕಾರ್ಡ್. ಅಲ್ಲಿ ಹಗುರವಾಗಿ ಬಂದ ಮೇಲೆ ವಾರಕ್ಕೊಂದು ಫ್ರೆಟ್ ಇಳಿಯುತ್ತಾ ಬನ್ನಿ. ಅಲ್ಲಿಯವರೆಗೆ ಹಾಡಿನಲ್ಲಿ ಎಫ್ ಬಂದರೆ ಒಂದರಿಂದ ನಾಲ್ಕನೇ ತಂತಿಯವರೆಗಿನ ಸಣ್ಣ ಎಫ್ ಹಿಡಿಯಿರಿ. ಅದರಲ್ಲಿ ನಾಚಿಕೆಪಡುವಂಥದ್ದು ಏನಿಲ್ಲ.

ಇಷ್ಟೆಲ್ಲ ಹೇಳಿ ನಿಮ್ಮ ಗಿಟಾರನ್ನೇ ಮರೆತರೆ ಹೇಗೆ? ಎಷ್ಟೋ ಸಲ ತಪ್ಪು ಕೈಯದಲ್ಲ, ವಾದ್ಯದ್ದು. ಮೊದಲನೇ ಫ್ರೆಟ್ಟಿಗೆ ಕೇಪೋ (ಆರೂ ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಎರಡನೇ ಫ್ರೆಟ್ಟಿನಲ್ಲಿ ಎಫ್ ಆಕಾರ ಹಿಡಿಯಿರಿ. ದಿಢೀರನೆ ಸಲೀಸಾಯಿತಾ? ಹಾಗಿದ್ದರೆ ನಟ್ ಎತ್ತರ ಇದೆ. ಅದರಲ್ಲಿ ತಂತಿ ಕೂರುವ ಗೀರುಗಳನ್ನು ಸ್ವಲ್ಪ ಆಳ ಮಾಡಿಸಬೇಕು. ನೀವೇ ಅರ ಹಿಡಿದು ಕೂರಬೇಡಿ. ಒಂದೆರಡು ಎಳೆ ಜಾಸ್ತಿ ಉಜ್ಜಿದರೆ ಬಿಡಿ ತಂತಿ ಗರಗುಟ್ಟಲು ಶುರು, ಆಮೇಲೆ ಹೊಸ ನಟ್ ಹಾಕಿಸಬೇಕಾಗುತ್ತದೆ. ಗಿಟಾರ್ ರಿಪೇರಿ ಮಾಡುವವರಿಗೆ ಕೊಡಿ.

ಹನ್ನೆರಡನೇ ಫ್ರೆಟ್ಟಿನಲ್ಲಿ ಲೋಹದ ಪಟ್ಟಿಯ ನೆತ್ತಿಯಿಂದ ತಂತಿಯ ತಳಕ್ಕೆ ಎಷ್ಟು ಅಂತರ ಇದೆ ಅಳೆಯಿರಿ. ಇದನ್ನೇ ಆಕ್ಷನ್ ಎನ್ನುವುದು. ಸ್ಟೀಲ್ ತಂತಿಯ ಅಕೌಸ್ಟಿಕ್‌ನಲ್ಲಿ ಆರನೇ ತಂತಿಗೆ ಸುಮಾರು 2.5 ಮಿಲಿಮೀಟರ್, ಒಂದನೇ ತಂತಿಗೆ 1.8ರ ಆಸುಪಾಸು ಇದ್ದರೆ ಒಳ್ಳೆಯದು. ನಾಲ್ಕು ದಾಟಿದ್ದರೆ ನೀವು ಇಷ್ಟು ದಿನ ನುಡಿಸಿದ್ದೇ ದೊಡ್ಡದು. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿಗೆ ಈ ಲೆಕ್ಕ ಹಾಕಬೇಡಿ. ಅದರ ತಂತಿ ಅಷ್ಟು ಬಿಗಿ ಇರುವುದಿಲ್ಲ, ಆದ್ದರಿಂದ ಎತ್ತರ ಸ್ವಲ್ಪ ಜಾಸ್ತಿಯೇ ಇರುತ್ತದೆ.

ತಂತಿಯ ದಪ್ಪ ಇನ್ನೊಂದು. 12ರಿಂದ (ಅಂದರೆ ಒಂದನೇ ತಂತಿ 0.012 ಇಂಚು ದಪ್ಪ) ಶುರುವಾಗುವ ಲೈಟ್ ಸೆಟ್ಟಿನ ಆರು ತಂತಿ ಸೇರಿ ನೆಕ್ಕನ್ನು ಎಳೆಯುವ ಬಲ ಸುಮಾರು 70 ಕೆಜಿ ತೂಕಕ್ಕೆ ಸಮ. 10 ಅಥವಾ 11ರ ಸೆಟ್ ಹಾಕಿಸಿದರೆ ಕೈಗೆ ತಕ್ಷಣ ಗೊತ್ತಾಗುತ್ತದೆ. ಹಣ ಖರ್ಚಿಲ್ಲದ ದಾರಿಯೂ ಇದೆ. ಆರೂ ತಂತಿಗಳನ್ನು ಅರ್ಧ ಸ್ವರ ಕೆಳಗೆ ಟ್ಯೂನ್ ಮಾಡಿ. ಬಿಗುವು ಶೇಕಡಾ 11ರಷ್ಟು ಇಳಿಯುತ್ತದೆ. ಒಂದು ಪೂರ್ತಿ ಸ್ವರ ಇಳಿಸಿದರೆ ಶೇಕಡಾ 20. ಹಾಡಿನ ಜೊತೆ ನುಡಿಸುವಾಗ ಕೇಪೋ ಹಾಕಿಕೊಂಡರೆ ಶ್ರುತಿ ವಾಪಸ್ ಬಂತು.

ತೆಳು ತಂತಿ ಹಾಕಿದರೆ ಸೋತ ಹಾಗೆ ಅಂತ ಕೆಲವರಿಗೆ ಒಂದು ಜಂಬ ಇರುತ್ತದೆ. ಹೆವಿ ಮೆಟಲ್ ಸಂಗೀತದ ಬ್ಲ್ಯಾಕ್ ಸಬ್ಬಾತ್ ತಂಡದ ಗಿಟಾರ್ ವಾದಕ ಟೋನಿ ಅಯೋಮಿ 17ನೇ ವಯಸ್ಸಿನಲ್ಲಿ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡರು. ಅವರು ಎಡಚರು, ಅಂದರೆ ತಂತಿ ಒತ್ತುವ ಕೈಯೇ ಹೋದದ್ದು. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡರು, ಬ್ಯಾಂಜೋ ತಂತಿ ಹಾಕಿ ಗಿಟಾರನ್ನು ಹಗುರ ಮಾಡಿಕೊಂಡರು, ಆಮೇಲೆ ಶ್ರುತಿಯನ್ನೂ ಇಳಿಸಿಕೊಂಡರು. ಅಷ್ಟು ಭಾರವಾಗಿ ಕೇಳುವ ಸಂಗೀತ ಬಂದದ್ದು ಹಗುರವಾದ ತಂತಿಗಳಿಂದ. ಜ್ಯಾಝ್ ಗಿಟಾರ್ ವಾದಕ ಜ್ಯಾಂಗೋ ರೈನ್‌ಹಾರ್ಟ್ ಕತೆ ಇನ್ನೂ ಹಳೆಯದು. 1928ರಲ್ಲಿ ಬೆಂಕಿಯಲ್ಲಿ ಎಡಗೈಯ ಉಂಗುರ ಬೆರಳು, ಕಿರುಬೆರಳು ಮುರುಟಿಹೋದವು. ಆಮೇಲೆ ಆ ಮಿಂಚಿನಂಥ ಸೋಲೋಗಳನ್ನೆಲ್ಲ ನುಡಿಸಿದ್ದು ಹೆಚ್ಚಾಗಿ ಎರಡೇ ಬೆರಳಲ್ಲಿ. ಬೆರಳಿನ ಬಲದ ಬಗ್ಗೆ ನೀವು ಕೇಳಿದಿರಲ್ಲ, ಅದಕ್ಕೆ ಇವರನ್ನು ನೆನೆಸಿಕೊಂಡೆ. ಸಾಧನಗಳ ವಿಷಯಕ್ಕೆ ಬಂದರೆ, ಜರ್ಮನ್ ಸಂಗೀತ ರಚನಕಾರ ರಾಬರ್ಟ್ ಶೂಮನ್ ಪಿಯಾನೋ ವಾದಕನಾಗುವ ಆಸೆ ಬಿಡಬೇಕಾದದ್ದು ಬಲಗೈ ಬೆರಳು ಕೆಟ್ಟದ್ದರಿಂದ. ಅವರೂ ಬೆರಳಿಗಾಗಿ ಒಂದು ಸಾಧನ ಬಳಸುತ್ತಿದ್ದರು. ಕೆಟ್ಟದ್ದು ಅದರಿಂದಲೇ ಎಂಬುದಕ್ಕೆ ಎಲ್ಲರ ಒಪ್ಪಿಗೆ ಇಲ್ಲ, ಆದರೂ ನನಗೆ ಸ್ಪ್ರಿಂಗ್ ಕಂಡರೆ ಅವರ ನೆನಪಾಗುತ್ತದೆ.

ಇನ್ನು ಎಡಗೈ ಬಿಗಿಯಾಗುವುದಕ್ಕೆ ಬಲಗೈಯೂ ಕಾರಣ. ಹೀಗೆ ನೋಡಿ: ಎಡಗೈಯಲ್ಲಿ ಒಂದು ಸ್ವರವನ್ನು ಆ ತೆಳು ಒತ್ತಡದಲ್ಲೇ ಹಿಡಿದುಕೊಂಡು ಬಲಗೈಯಲ್ಲಿ ಮೆಲ್ಲಗೆ ಮೀಟಿ, ಮೀಟುತ್ತಾ ಜೋರು ಮಾಡುತ್ತಾ ಹೋಗಿ. ಬಲಗೈ ಜೋರಾದಂತೆ ಎಡಗೈ ತನಗೆ ಸಂಬಂಧ ಇಲ್ಲದಿದ್ದರೂ ಬಿಗಿಯಾಗುತ್ತದೆ. ಒಬ್ಬ ಕೂಗಿದರೆ ಪಕ್ಕದಲ್ಲಿದ್ದವನೂ ಕೂಗಿದ ಹಾಗೆ. ಎರಡೂ ಕೈಗಳನ್ನು ಬೇರೆ ಬೇರೆ ಮಾಡುವ ಅಭ್ಯಾಸ ಇದೇ. ಬಲಗೈ ಮೆಲ್ಲಗೆ, ಜೋರು, ಮೆಲ್ಲಗೆ. ಎಡಗೈ ಪೂರ್ತಿ ಒಂದೇ ಸಮ. ವೇಗದಲ್ಲೂ ಇದೇ ಕತೆ. ಮೆಟ್ರೋನೋಮ್ ಏರಿದಂತೆ ಒತ್ತಡವೂ ಏರುತ್ತದೆ, ಏರಬೇಕಾದ ಕಾರಣ ಮಾತ್ರ ಒಂದೂ ಇಲ್ಲ. ಯಾವ ವೇಗದಲ್ಲಿ ಹೆಬ್ಬೆರಳು ಹಿಂಡಲು ಶುರು ಮಾಡಿತೋ ಅದಕ್ಕಿಂತ ಐದು ಪೆಟ್ಟು ಕೆಳಗೆ ಇಳಿಯಿರಿ. ಸ್ವರ ತಪ್ಪುವ ವೇಗ ನಿಮ್ಮ ಮಿತಿ ಅಲ್ಲ. ಕೈ ಹಿಂಡುವ ವೇಗ ನಿಮ್ಮ ಮಿತಿ.

ಉಸಿರು ಹಿಡಿಯುವುದು, ಹಲ್ಲು ಕಚ್ಚುವುದು, ಹೆಗಲು ಕಿವಿಗೆ ತಾಗುವುದು, ಎಲ್ಲವೂ ಒಂದೇ ಗುಂಪಿನವು. ಒಂದೊಂದನ್ನೇ ಹುಡುಕಿ ಸರಿ ಮಾಡಲು ಹೋದರೆ ತಲೆ ಕೆಡುತ್ತದೆ. ನುಡಿಸುವಾಗ ಬಾಯಿಬಿಟ್ಟು ‘ಒಂದು ಎರಡು ಮೂರು ನಾಲ್ಕು’ ಎಣಿಸಿ. ಎಣಿಸುತ್ತಾ ಉಸಿರು ಹಿಡಿಯಲು ಬರುವುದಿಲ್ಲ, ಹಲ್ಲು ಕಚ್ಚಲೂ ಬರುವುದಿಲ್ಲ. ಎಣಿಕೆ ಎಲ್ಲಿ ತಡವರಿಸಿತೋ ಅಲ್ಲೇ ಬಿಗಿತ ಇದೆ.

ಮುಕ್ಕಾಲು ಗಂಟೆ ಒಟ್ಟಿಗೆ ಕೂರುವುದನ್ನು ಸದ್ಯಕ್ಕೆ ನಿಲ್ಲಿಸಿ. ಹದಿನೈದು ನಿಮಿಷಕ್ಕೆ ನೋವು ಬರುತ್ತದೆ ಅಂದಿರಿ. ಹಾಗಾದರೆ ಹತ್ತು ನಿಮಿಷ ನುಡಿಸಿ, ಗಿಟಾರ್ ಕೆಳಗಿಟ್ಟು ಐದು ನಿಮಿಷ ಎದ್ದು ಓಡಾಡಿ, ಕೈ ಕೆಳಗೆ ಬಿಟ್ಟು ಜಾಡಿಸಿ. ಹೀಗೆ ಮೂರು ಸುತ್ತು. ನೋವಿನೊಳಗೆ ನುಡಿಸಿದ ಮೂವತ್ತು ನಿಮಿಷದಲ್ಲಿ ಕೈ ಕಲಿಯುವುದು ಬಿಗಿತವನ್ನೇ. ಮೊದಲ ಸುತ್ತಿನಲ್ಲಿ ಟಕ್–ಗರ್ರ್–ತಿಳಿ ಮತ್ತು ಒತ್ತಿ ಬಿಡುವ ಅಭ್ಯಾಸ. ಎರಡನೆಯದರಲ್ಲಿ ಕಾರ್ಡುಗಳು. ಮೂರನೆಯದು ಹಾಡು, ಖುಷಿಗೆ. ಹಾಡಿನಲ್ಲಿ ಹಳೇ ಹಿಡಿತ ವಾಪಸ್ ಬರುತ್ತದೆ, ಬಂದೇ ಬರುತ್ತದೆ. ಬೈದುಕೊಳ್ಳಬೇಡಿ. ಬಂದದ್ದು ಗೊತ್ತಾದರೆ ಆ ವಾರಕ್ಕೆ ಅಷ್ಟೇ ಸಾಕು.

ಬೆರಳ ತುದಿಯ ಚರ್ಮ ಉರಿಯುವುದು ಸಹಜ, ಚರ್ಮ ಗಡುಸಾದ ಮೇಲೆ ಹೋಗುತ್ತದೆ. ಕೈ ದಣಿದ ಹಾಗೆ ಅನ್ನಿಸಿ ವಿಶ್ರಾಂತಿಗೆ ಹೋದರೆ ಅದೂ ಸರಿ. ಆದರೆ ಮಣಿಕಟ್ಟಿನಲ್ಲಿ ಚುಚ್ಚುವ ನೋವು, ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳಲ್ಲಿ ಜೋಮು, ರಾತ್ರಿ ಕೈ ಮರಗಟ್ಟಿ ಎಚ್ಚರವಾಗುವುದು, ಮಾರನೇ ದಿನಕ್ಕೂ ನೋವು ಉಳಿಯುವುದು, ಇವುಗಳಲ್ಲಿ ಒಂದಿದ್ದರೂ ಗಿಟಾರ್ ಪೆಟ್ಟಿಗೆಯಲ್ಲಿಡಿ, ವೈದ್ಯರಿಗೆ ತೋರಿಸಿ. ನಾನು ಗಿಟಾರ್ ಕಲಿಸುವವನು, ಅಲ್ಲಿಂದ ಮುಂದೆ ನನ್ನ ಮಾತು ನಡೆಯುವುದಿಲ್ಲ.

ಒಂದು ತಿಂಗಳು ಹೀಗೆ ಮಾಡಿ ಮತ್ತೆ ಬರೆಯಿರಿ. ಬರೆಯುವಾಗ ಮೂರು ವಿಷಯ ತಿಳಿಸಿ. ಕೇಪೋ ಹಾಕಿದಾಗ ಎಫ್ ಸಲೀಸಾಯಿತೇ, ಹನ್ನೆರಡನೇ ಫ್ರೆಟ್ಟಿನಲ್ಲಿ ಆರನೇ ತಂತಿಯ ಎತ್ತರ ಎಷ್ಟು ಬಂತು, ಮತ್ತು ಅಭ್ಯಾಸ ಮುಗಿಸಿ ಗಿಟಾರ್ ಕೆಳಗಿಟ್ಟ ಮೇಲೆ ಬೆರಳ ತುದಿಯ ಆ ಗೆರೆ ಅಳಿಯಲು ಎಷ್ಟು ನಿಮಿಷ ಹಿಡಿಯಿತು. ಇವತ್ತೇ ಒಂದು ಸಲ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ, ತಿಂಗಳ ನಂತರ ಹೋಲಿಸಲು ಬೇಕಾಗುತ್ತದೆ.